‘ವಿಡಿಯೋಡ್ರೋಮ್’ ನೋಡಿದವರಿದ್ದೀರಾ? ಟೀವಿಯೊಳಗಿನ ಭಯದ ಬಗ್ಗೆ ಒಂದಿಷ್ಟು ಮಾತು

ಮಾದಾಪುರದವ

ಡೇವಿಡ್ ಕ್ರೋನೆನ್‌ಬರ್ಗ್ ನಿರ್ದೇಶಿಸಿದ 1983ರ ಕೆನಡಾ ಚಿತ್ರ ‘ವಿಡಿಯೋಡ್ರೋಮ್’ ಬಗ್ಗೆ ನಮ್ಮವರ ಜೊತೆ ಕನ್ನಡದಲ್ಲಿ ಮಾತಾಡಬೇಕೆಂಬ ಆಸೆ ಬಹಳ ದಿನಗಳದ್ದು. ಕಥೆಯ ಗುಟ್ಟುಗಳೆಲ್ಲ ಇಲ್ಲಿ ಬಯಲಾಗುತ್ತವೆ, ಮೊದಲು ಚಿತ್ರ ನೋಡಬೇಕೆನ್ನುವವರು ಇಲ್ಲಿಗೇ ನಿಲ್ಲಿಸಿ. ಚಿತ್ರಹಿಂಸೆಯ ದೃಶ್ಯಗಳಿವೆ, ಮಕ್ಕಳಿರುವಾಗ ಹಾಕಲೇಬೇಡಿ.

ಟೊರಾಂಟೊದಲ್ಲೊಂದು ಸಣ್ಣ ಟೀವಿ ಕೇಂದ್ರ. ಅದರ ಮುಖ್ಯಸ್ಥ ಮ್ಯಾಕ್ಸ್ ರೆನ್, ಪಾತ್ರ ಮಾಡಿದವರು ಜೇಮ್ಸ್ ವುಡ್ಸ್. ದೊಡ್ಡ ಚಾನೆಲ್‌ಗಳ ಎದುರು ಸೆಣಸುವಷ್ಟು ಬಂಡವಾಳ ಇವನಲ್ಲಿಲ್ಲ. ಅವರು ತೋರಿಸಲು ಹಿಂಜರಿಯುವುದನ್ನು ತೋರಿಸುವುದೇ ಇವನ ವ್ಯಾಪಾರ. ಇವನ ಬಳಿ ಕೆಲಸ ಮಾಡುವ ಹಾರ್ಲನ್ ಎಂಬ ತಂತ್ರಜ್ಞ ಉಪಗ್ರಹದ ಪ್ರಸಾರಗಳನ್ನು ಕದ್ದು ಹಿಡಿಯುತ್ತಾನೆ. ಒಂದು ದಿನ ಬರೀ ಹಿಂಸೆಯೇ ತುಂಬಿದ ಕಾರ್ಯಕ್ರಮವೊಂದು ಸಿಗುತ್ತದೆ. ಅದಕ್ಕೆ ಕಥೆಯಿಲ್ಲ, ಸಂಭಾಷಣೆಯಿಲ್ಲ. ಒಂದು ಮಣ್ಣಿನ ಗೋಡೆ, ಅದರೆದುರು ಮನುಷ್ಯರನ್ನು ಹೊಡೆಯುವುದು, ಅಷ್ಟೇ. ಮಲೇಷ್ಯಾದಿಂದ ಬರುತ್ತಿದೆ ಎಂದು ಮೊದಲು ಹೇಳುವ ಹಾರ್ಲನ್, ಆಮೇಲೆ ಪಿಟ್ಸ್‌ಬರ್ಗ್‌ನಿಂದ ಎನ್ನುತ್ತಾನೆ. ಮ್ಯಾಕ್ಸ್ ಅದರ ಬೆನ್ನು ಹತ್ತುತ್ತಾನೆ. ನೋಡುತ್ತ ನೋಡುತ್ತ ಅವನಿಗೆ ಭ್ರಮೆಗಳು ಶುರುವಾಗುತ್ತವೆ. ಆ ಪ್ರಸಾರದೊಳಗೆ ಅಡಗಿದ ಸಂಕೇತ ನೋಡುವವರ ಮಿದುಳಿನಲ್ಲಿ ಗೆಡ್ಡೆ ಬೆಳೆಸುತ್ತದೆ ಎಂದು ನಂತರ ಗೊತ್ತಾಗುತ್ತದೆ.

ಎಲ್ಲರೂ ನೆನಪಿಟ್ಟುಕೊಳ್ಳುವುದು ಉಸಿರಾಡುವ ಟೀವಿಯನ್ನು, ಹೊಟ್ಟೆ ಬಿರಿದು ಕ್ಯಾಸೆಟ್ ಒಳಗೆ ಹೋಗುವ ದೃಶ್ಯವನ್ನು. ನನ್ನನ್ನು ನಡುಗಿಸಿದ್ದು ಬೇರೆಯೇ. ಅಲ್ಲಿ ಕದ್ದು ಹಿಡಿದ ಪ್ರಸಾರವೇ ಇರಲಿಲ್ಲ. ಹಾರ್ಲನ್ ಮೊದಲಿನಿಂದಲೂ ಮ್ಯಾಕ್ಸ್‌ನ ಎದುರು ಬರೀ ಟೇಪ್ ಓಡಿಸುತ್ತಿದ್ದ. ಯಾರೂ ಕಾಣದ್ದನ್ನು ತಾನೊಬ್ಬನೇ ಪತ್ತೆ ಹಚ್ಚಿದೆ ಎಂದು ಮ್ಯಾಕ್ಸ್ ಬೀಗುತ್ತಿದ್ದಾನಲ್ಲ, ಅದನ್ನು ಅವನಿಗೆಂದೇ ಸಿದ್ಧಮಾಡಿ ಎದುರಿಗಿಟ್ಟಿದ್ದರು. ಟೀವಿಯ ಅಪಾಯ ಎಂದರೆ ಅಶ್ಲೀಲ, ಹಿಂಸೆ ಎಂದಷ್ಟೇ ನಾವು ತಿಳಿಯುತ್ತೇವೆ. ನಾನೇ ಹುಡುಕಿದೆ, ನಾನೇ ಆರಿಸಿಕೊಂಡೆ ಎಂಬ ನಂಬಿಕೆ ಹುಟ್ಟುವ ಕಡೆಯೇ ನಿಜವಾದ ಅಪಾಯವಿದೆ ಎಂದು ಈ ಚಿತ್ರ ಹೇಳುತ್ತದೆ. ನಲವತ್ತು ವರ್ಷದ ಹಿಂದೆಯೇ ಇದನ್ನು ಕಂಡವರ ಮುಂದೆ ನಾನು ತಲೆಬಾಗುತ್ತೇನೆ.

ನೋಡಿದವರು ದಯವಿಟ್ಟು ಬರೆಯಿರಿ.

ಗೋಣಿಕೊಪ್ಪದ ಹುಡುಗ

ಅಣ್ಣ, ಹಾಸ್ಟೆಲಿನಲ್ಲಿ ನೋಡಿದ್ದೇನೆ. ಮೊದಲ ಅರ್ಧ ಗಂಟೆ ನಿಧಾನ ಎನಿಸಿತು, ಆಮೇಲೆ ಎದ್ದು ಹೋಗಲಾಗಲಿಲ್ಲ. ನೀವು ಹೇಳಿದ ಹಾರ್ಲನ್ ದೃಶ್ಯವನ್ನು ನಾನು ಇಷ್ಟು ಆಳವಾಗಿ ಯೋಚಿಸಿರಲಿಲ್ಲ. ನನ್ನ ಮೊಬೈಲಿನಲ್ಲಿ ಒಂದಾದ ಮೇಲೊಂದು ವಿಡಿಯೊ ಬರುವಾಗ ನಾನೂ ಇದನ್ನೇ ಅಂದುಕೊಳ್ಳುತ್ತೇನೆ: ಎಷ್ಟು ಒಳ್ಳೆಯದು ಸಿಕ್ಕಿತು, ಬೇರೆ ಯಾರೂ ನೋಡಿರಲಿಕ್ಕಿಲ್ಲ ಎಂದು.

ಒಂದು ಪ್ರಶ್ನೆ. ಗೆಡ್ಡೆಯ ವಿಚಾರಕ್ಕೆ ಏನಾದರೂ ಆಧಾರವಿದೆಯೇ? ನಮ್ಮ ಅಜ್ಜಿ ಟೀವಿಯ ಹತ್ತಿರ ಕೂರಲು ಬಿಡುತ್ತಿರಲಿಲ್ಲ.

ರಿಪೇರಿ ಅಂಗಡಿ, ಕುಶಾಲನಗರ

ತಮ್ಮಾ, ಅದು ಬರೀ ಕಲ್ಪನೆ. ಹಳೆಯ ಬಣ್ಣದ ಟೀವಿಯ ಪಿಕ್ಚರ್ ಟ್ಯೂಬಿನೊಳಗೆ ಸುಮಾರು 25,000 ವೋಲ್ಟ್ ಇರುತ್ತದೆ. ಅಷ್ಟು ವೋಲ್ಟಿನಲ್ಲಿ ಎಲೆಕ್ಟ್ರಾನು ಬಂದು ಪರದೆಗೆ ಬಡಿದಾಗ ಸ್ವಲ್ಪ ಎಕ್ಸ್‌ರೇ ಹುಟ್ಟುತ್ತದೆ. ಅದನ್ನು ತಡೆಯಲೆಂದೇ ಗಾಜಿನಲ್ಲಿ ಸೀಸ ಬೆರೆಸಿರುತ್ತಾರೆ. ಆ ಟ್ಯೂಬು ಅಷ್ಟು ಭಾರವಾಗಿರುವುದಕ್ಕೆ ಅದೂ ಒಂದು ಕಾರಣ. ಅಜ್ಜಿಯ ಮಾತನ್ನು ತಪ್ಪೆನ್ನಲಾರೆ, ಕಣ್ಣಿಗೆ ಆಯಾಸವಂತೂ ಆಗುತ್ತದೆ. ಗೆಡ್ಡೆ ಬೆಳೆಯುವುದಿಲ್ಲ.

ನನಗೆ ಈ ಚಿತ್ರದಲ್ಲಿ ಹಿಡಿಸಿದ್ದು ಇನ್ನೊಂದು. ಪಿಕ್ಚರ್ ಟ್ಯೂಬಿನೊಳಗೆ ಗಾಳಿ ಇರುವುದಿಲ್ಲ, ಪೂರ್ತಿ ನಿರ್ವಾತ. ಅದು ಒಡೆದರೆ ಮೊದಲು ಒಳಕ್ಕೆ ಕುಸಿಯುತ್ತದೆ, ಆ ರಭಸಕ್ಕೆ ಗಾಜು ಚೂರಾಗಿ ಸಿಡಿಯುತ್ತದೆ. ಕೆಲಸ ಕಲಿಯುವಾಗ ಗುರುಗಳು ನಮಗೆ ಕಲಿಸಿದ ಮೊದಲ ಪಾಠ, ಟ್ಯೂಬಿನ ಕುತ್ತಿಗೆ ಹಿಡಿದು ಎತ್ತಬಾರದು ಎಂದು. ಕುತ್ತಿಗೆಯ ಗಾಜು ತೆಳು. ಈ ಚಿತ್ರದಲ್ಲಿ ಪರದೆ ಒಳಕ್ಕೆ ಕುಸಿಯುವುದಿಲ್ಲ, ನೋಡುವವನ ಕಡೆಗೆ ಉಬ್ಬಿಕೊಂಡು ಬರುತ್ತದೆ. ಪೆಟ್ಟಿಗೆಯ ಮೈಮೇಲೆ ನರಗಳು ಏಳುತ್ತವೆ. ಟೀವಿ ಬಿಚ್ಚಿ ಗೊತ್ತಿರುವವನಿಗೆ ಆ ದೃಶ್ಯ ಎಷ್ಟು ಅಸಹಜ ಎನ್ನುವುದು ಮೈಗೇ ತಿಳಿಯುತ್ತದೆ. ಮ್ಯಾಕ್ಸ್ ಅದರೊಳಗೆ ಮುಖ ಹುದುಗಿಸುವಾಗ ನಾನು ಕುರ್ಚಿಯಲ್ಲಿ ಹಿಂದಕ್ಕೆ ಸರಿದೆ.

ಅದನ್ನು ಕಂಪ್ಯೂಟರಿನಲ್ಲಿ ಮಾಡಿದ್ದಲ್ಲ. ರಬ್ಬರಿನ ಹಾಳೆ ಬಿಗಿದು, ಹಿಂದಿನಿಂದ ಪ್ರೊಜೆಕ್ಟರಿನಲ್ಲಿ ಚಿತ್ರ ಬಿಟ್ಟು, ಗಾಳಿ ತುಂಬಿ ಉಬ್ಬಿಸಿದ್ದಾರೆ. ವಿಶೇಷ ಮೇಕಪ್ ರಿಕ್ ಬೇಕರ್ ಅವರದು, 1982ರಲ್ಲಿ ಮೇಕಪ್ ವಿಭಾಗದ ಮೊದಲ ಸ್ಪರ್ಧಾತ್ಮಕ ಆಸ್ಕರ್ ಪಡೆದವರು. ಕೈಕೆಲಸದವರ ಚಿತ್ರ ಇದು, ನೋಡಿದರೆ ಗೊತ್ತಾಗುತ್ತದೆ. ಹೊಟ್ಟೆಯೊಳಗೆ ಹೋಗುವ ಕ್ಯಾಸೆಟ್ಟುಗಳೂ ಬೀಟಾಮ್ಯಾಕ್ಸ್. ನಮ್ಮಲ್ಲಿ ಬಾಡಿಗೆಗೆ ಬರುತ್ತಿದ್ದ ವಿಎಚ್‌ಎಸ್ ಅದಕ್ಕಿಂತ ದೊಡ್ಡದು.

ನಾಪೋಕ್ಲಿನ ಅಪ್ಪ

ಇಷ್ಟು ಹೊಲಸು ಚಿತ್ರವನ್ನು ಇಷ್ಟೊಂದು ಹೊಗಳುವ ಅಗತ್ಯವೇನಿದೆ? ನನಗೆ ಇಬ್ಬರು ಹೆಣ್ಣುಮಕ್ಕಳು. ಹೊಡೆಯುವುದು, ಹಿಂಸಿಸುವುದು, ಅದನ್ನು ನೋಡಿ ಸುಖಪಡುವುದು, ಇದನ್ನು ಕಲೆ ಎನ್ನಬೇಕೇ? ಇಂಥದ್ದನ್ನೆಲ್ಲ ನಿಷೇಧಿಸಬೇಕು ಎನ್ನುವುದು ನನ್ನ ಅಭಿಪ್ರಾಯ. ಯಾರಿಗೂ ಬೇಸರವಾಗಬಾರದು.

ಮಾದಾಪುರದವ

ಬೇಸರವಿಲ್ಲ ಸರ್, ನಿಮ್ಮ ಆತಂಕ ನ್ಯಾಯವಾದದ್ದೇ. ಮಕ್ಕಳಿಗೆ ಇದು ಖಂಡಿತ ಬೇಡ. ಆದರೆ ಒಂದು ವಿಷಯ ನಿಮ್ಮ ಗಮನಕ್ಕೆ ತರಬೇಕು. ಈ ಚಿತ್ರದಲ್ಲಿ ಆ ಮಾರಕ ಸಂಕೇತವನ್ನು ತಯಾರಿಸಿದವರು ಅಶ್ಲೀಲದ ವ್ಯಾಪಾರಿಗಳಲ್ಲ. ಕನ್ನಡಕ ಮಾರುವ ಕಂಪನಿಯೊಂದರ ಯಜಮಾನ ಬ್ಯಾರಿ ಕಾನ್ವೆಕ್ಸ್, ಮತ್ತು ಅದೇ ಹಾರ್ಲನ್. ಅವರ ವಾದ ಕೇಳಿ. ಉತ್ತರ ಅಮೆರಿಕ ಮೆತ್ತಗಾಗುತ್ತಿದೆ, ಹೊಲಸು ನೋಡುವವರಿಂದ ಕೆಡುತ್ತಿದೆ, ಅಂಥವರನ್ನು ತೊಳೆದು ಹಾಕಬೇಕು. ಅದಕ್ಕೇ ಹಿಂಸೆಯನ್ನು ಗಾಳಕ್ಕೆ ಸಿಕ್ಕಿಸಿದ ಎರೆಯಂತೆ ಬಳಸುತ್ತಾರೆ. ಯಾರು ಕಣ್ಣು ನೆಟ್ಟು ನೋಡುತ್ತಾರೋ ಅವರು ಸಾಯಲಿ ಎಂದು. ಸಮಾಜವನ್ನು ಶುದ್ಧ ಮಾಡುತ್ತೇವೆ ಎಂದು ಹೊರಟವರೇ ಇಲ್ಲಿ ಕೊಲೆಗಾರರು. ಹಿಂಸೆಯನ್ನು ಮಾರಿ ಬದುಕುತ್ತಿದ್ದ ಮ್ಯಾಕ್ಸ್ ಅವರ ಕೈಗೊಂಬೆಯಾಗಿ ತನ್ನ ಪಾಲುದಾರರನ್ನೇ ಗುಂಡಿಟ್ಟು ಕೊಲ್ಲುತ್ತಾನೆ.

ಆ ಸಂಕೇತ ಇನ್ನೊಂದು ಕಾರಣಕ್ಕೂ ಘೋರ. ಅದಕ್ಕೆ ಹಿಂಸೆಯ ದೃಶ್ಯವೇ ಬೇಕೆಂದಿಲ್ಲ. ಬಣ್ಣದ ಪಟ್ಟಿಗಳಿರುವ ಟೆಸ್ಟ್ ಪ್ಯಾಟರ್ನಿನ ಕೆಳಗೂ ಅದನ್ನು ಕಳುಹಿಸಬಹುದು ಎಂದು ಚಿತ್ರದಲ್ಲೇ ಹೇಳುತ್ತಾರೆ. ಅಂದ ಮೇಲೆ ದೃಶ್ಯವನ್ನು ನಿಷೇಧಿಸಿದರೆ ಏನು ನಿಂತಂತಾಯಿತು?

ಕಾಫಿಹೂ, ವಿರಾಜಪೇಟೆ

ನಾನು ಈ ಚಿತ್ರ ನೋಡಿಲ್ಲ, ನೋಡುವ ಧೈರ್ಯವೂ ಇಲ್ಲ. ಆದರೂ ಟೀವಿಯ ಪರವಾಗಿ ಯಾರಾದರೂ ಮಾತಾಡಬೇಕಲ್ಲವೇ?

ನಮ್ಮ ಮನೆ ತೋಟದ ಒಳಗೆ. ರಸ್ತೆಗೆ ಬರಬೇಕಾದರೆ ಹೊಳೆ ದಾಟಬೇಕು. ಆಗ ಮನೆಯಲ್ಲಿ ಅತ್ತೆ, ನಾನು, ಕೆಲಸದವರು, ಬಿಟ್ಟರೆ ಮಳೆ. ಮಾವ ಬಿದಿರಿನ ಗಳಕ್ಕೆ ಆಂಟೆನಾ ಕಟ್ಟಿ ಅದನ್ನು ಸಿಲ್ವರ್ ಓಕ್ ಮರಕ್ಕೆ ಏರಿಸಿದ್ದರು. ಗಾಳಿ ಬೀಸಿದರೆ ಅದು ತಿರುಗಿಬಿಡುತ್ತಿತ್ತು. ಒಬ್ಬರು ಮರ ಹತ್ತಿ ತಿರುಗಿಸುವುದು, ಒಬ್ಬರು ಕಿಟಕಿಯಿಂದ ‘ಬಂತು, ಬಂತು, ಹೋಯಿತು’ ಎಂದು ಕೂಗುವುದು. 1987ರಲ್ಲಿ ರಾಮಾಯಣ ಬರುವಾಗ ಭಾನುವಾರ ಬೆಳಿಗ್ಗೆ ಲೈನ್‌ಮನೆಯ, ಅಂದರೆ ತೋಟದ ಕೆಲಸದವರ ಸಾಲುಮನೆಯ, ಹೆಂಗಸರೆಲ್ಲ ನಮ್ಮ ಜಗಲಿಯಲ್ಲಿ. ಅತ್ತೆ ಟೀವಿಗೆ ಕುಂಕುಮ ಇಡುತ್ತಿದ್ದರು. ಈಗಲೂ ತುಲಾ ಸಂಕ್ರಮಣದ ತೀರ್ಥೋದ್ಭವವನ್ನು ಟೀವಿಯಲ್ಲಿ ತೋರಿಸುವಾಗ, ತಲಕಾವೇರಿಗೆ ಹೋಗಲಾಗದ ನಮ್ಮ ಅತ್ತೆ ಎದ್ದು ನಿಂತು ಕೈಮುಗಿಯುತ್ತಾರೆ. ಅವರ ಪಾಲಿಗೆ ಅದು ಭ್ರಮೆಯೂ ಅಲ್ಲ, ಅಪಾಯವೂ ಅಲ್ಲ.

ಮೇಷ್ಟ್ರು, ಮಡಿಕೇರಿ

ಒಳ್ಳೆಯ ಮಾತು ಹೇಳಿದಿರಿ ತಾಯಿ. ಆಕಾಶದಿಂದ ಬಂದ ಟೀವಿಯನ್ನು ನಾನು ಮೊದಲು ನೋಡಿದ್ದು ರಾಯಚೂರು ಜಿಲ್ಲೆಯಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಅಮೆರಿಕದ ನಾಸಾದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಬಂತು. ‘ಸೈಟ್’ ಎಂದು ಕರೆಯುತ್ತಿದ್ದರು. ನಮ್ಮ ರಾಜ್ಯದಲ್ಲಿ ವಿಜಾಪುರ, ಗುಲ್ಬರ್ಗ, ರಾಯಚೂರು ಕಡೆಯ ಹಳ್ಳಿಗಳು ಅದರಲ್ಲಿದ್ದವು. ಕೋಳಿಗೂಡಿಗೆ ಬಳಸುವ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಬೋಗುಣಿಯಂಥ ಆಂಟೆನಾ. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ಬೇಸಾಯ, ಆರೋಗ್ಯ. ಒಂದು ವರ್ಷ ಕಳೆಯಿತು, ಉಪಗ್ರಹವನ್ನು ಹಿಂದಕ್ಕೆ ಸರಿಸಿದರು, ಪ್ರಸಾರ ನಿಂತಿತು. ಶಾಲೆಯ ಎದುರು ಸೇರುತ್ತಿದ್ದ ಜನ ಅದಾದ ಮೇಲೂ ಸಂಜೆ ಬಂದು ವಿಚಾರಿಸುತ್ತಿದ್ದರು.

ಅದರಲ್ಲಿ ಕೇಡಿರಲಿಲ್ಲ. ಆದರೆ ಯಾವುದು ಬರಬೇಕು, ಎಂದು ನಿಲ್ಲಬೇಕು ಎಂದು ತೀರ್ಮಾನಿಸಿದವರು ಹಳ್ಳಿಯವರಲ್ಲ. ಸಂಕೇತ ಕಳುಹಿಸುವ ಜಾಗ ಒಂದು, ಅದನ್ನು ಮೈಯಲ್ಲಿ ಹೊರುವ ಜಾಗ ಇನ್ನೊಂದು. ಮಾದಾಪುರದವರು ಹೇಳುತ್ತಿರುವುದೂ ಇದೇ ಎಂದು ತಿಳಿದಿದ್ದೇನೆ.

ಚಿತ್ರದಲ್ಲಿ ಬರುವ ಪ್ರೊಫೆಸರ್ ಬ್ರಯಾನ್ ಓಬ್ಲಿವಿಯನ್ ಬಗ್ಗೆಯೂ ಒಂದು ಮಾತು. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಮಾರ್ಷಲ್ ಮ್ಯಾಕ್ಲೂಹನ್ ಅವರ ಛಾಯೆ ಆ ಪಾತ್ರದಲ್ಲಿದೆ. ಮಾಧ್ಯಮ ಏನನ್ನು ತೋರಿಸುತ್ತದೆ ಎನ್ನುವುದಕ್ಕಿಂತ ಮಾಧ್ಯಮದ ಸ್ವರೂಪವೇ ಮನುಷ್ಯನನ್ನು ಬದಲಿಸುತ್ತದೆ ಎಂದವರು ಅವರು. ಕ್ರೋನೆನ್‌ಬರ್ಗ್ ಓದಿದ್ದೂ ಅದೇ ವಿಶ್ವವಿದ್ಯಾಲಯದಲ್ಲಿ. ಮ್ಯಾಕ್ಲೂಹನ್ 1980ರ ಡಿಸೆಂಬರ್ 31ರಂದು ತೀರಿಕೊಂಡರು, ಚಿತ್ರ ನೋಡಲಿಲ್ಲ. ಚಿತ್ರದ ಪ್ರೊಫೆಸರ್ ಟೀವಿಯಲ್ಲಿ ಬಿಟ್ಟು ಬೇರೆಲ್ಲೂ ಕಾಣಿಸಿಕೊಳ್ಳುವುದಿಲ್ಲ. ಚರ್ಚೆಗೆ ಕರೆದರೂ ಅವರ ಕುರ್ಚಿಯಲ್ಲಿ ಒಂದು ಟೀವಿ ಪೆಟ್ಟಿಗೆ ಇರುತ್ತದೆ. ಆಮೇಲೆ ತಿಳಿಯುವುದೇನೆಂದರೆ ಅವರು ಸತ್ತು ತಿಂಗಳುಗಳೇ ಆಗಿವೆ. ಮಗಳು ಬಿಯಾಂಕಾ ಸಾವಿರಾರು ಟೇಪುಗಳಿಂದ ಒಂದೊಂದನ್ನೇ ಆರಿಸಿ ಕಳುಹಿಸುತ್ತ ತಂದೆಯನ್ನು ‘ಬದುಕಿಸಿ’ ಇಟ್ಟಿದ್ದಾಳೆ. ಇಂದು ತೀರಿಹೋದವರ ದನಿಯನ್ನೂ ಮುಖವನ್ನೂ ಕಂಪ್ಯೂಟರಿನಲ್ಲಿ ಮತ್ತೆ ತಯಾರಿಸುವ ಸುದ್ದಿ ಓದುವಾಗಲೆಲ್ಲ ನನಗೆ ಆ ಟೇಪುಗಳ ಕಪಾಟು ಕಣ್ಣಮುಂದೆ ಬರುತ್ತದೆ.

ಗೋಣಿಕೊಪ್ಪದ ಹುಡುಗ

ಮೇಷ್ಟ್ರೇ, ಮೈಯಲ್ಲಿ ಹೊರುವುದು ಎಂದಿರಿ. ಟೀವಿಯ ಬೆಳಕೇ ಮೈಗೆ ಪೆಟ್ಟು ಕೊಟ್ಟ ನಿಜವಾದ ಘಟನೆ ಒಂದಿದೆ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಮಕ್ಕಳ ಕಾರ್ಟೂನಿನ ಒಂದು ದೃಶ್ಯದಲ್ಲಿ ಕೆಂಪು ಮತ್ತು ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಸಲ ಮಿನುಗಿತು. 685 ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು, ಹೆಚ್ಚಿನವರು ಮಕ್ಕಳು. ಬೆಳಕಿಗೆ ಕೆರಳುವ ಮೂರ್ಛೆರೋಗ ಎನ್ನುತ್ತಾರೆ. ನಾವು ತರಗತಿಯಲ್ಲಿ ಓದಿದ್ದೇವೆ. ಕಥೆ ಹೇಗಿತ್ತು, ಒಳ್ಳೆಯದೋ ಕೆಟ್ಟದ್ದೋ ಎನ್ನುವುದಕ್ಕೂ ಆ ಪೆಟ್ಟಿಗೂ ಸಂಬಂಧವೇ ಇರಲಿಲ್ಲ. ಚಿತ್ರ ಬಂದು ಹದಿನಾಲ್ಕು ವರ್ಷದ ಮೇಲೆ ನಡೆದದ್ದು ಇದು.

ಮಾದಾಪುರದವ

ಇದು ನನಗೆ ಗೊತ್ತಿರಲಿಲ್ಲ ತಮ್ಮಾ, ಬರೆದದ್ದಕ್ಕೆ ಧನ್ಯವಾದ.

ಕಾಫಿಹೂ ಅಕ್ಕ, ನಿಮ್ಮ ಅತ್ತೆ ಕೈಮುಗಿಯುವುದನ್ನು ನಾನು ಗೌರವಿಸುತ್ತೇನೆ. ತಲಕಾವೇರಿ ಅವರೊಳಗೇ ಇದೆ, ಟೀವಿ ಅದನ್ನು ನೆನಪಿಸುತ್ತದೆ. ಜಾಗವನ್ನು ಕಂಡೇ ಇಲ್ಲದವರ ಮುಂದೆ ಅದರ ಚಿತ್ರ ಮಾತ್ರ ಓಡಿದಾಗ ಏನಾಗುತ್ತದೆ ಎನ್ನುವುದು ನನ್ನ ಪ್ರಶ್ನೆ. ನನಗೆ ಈ ಚಿತ್ರ ಇಷ್ಟು ಮುಖ್ಯವಾಗುವುದಕ್ಕೆ ಕಾರಣವನ್ನು ಹೇಳಿಬಿಡುತ್ತೇನೆ.

2018ರ ಆಗಸ್ಟ್. ನಮ್ಮ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು, ಜೋಡುಪಾಲ, ಎಲ್ಲೆಲ್ಲೂ ಗುಡ್ಡ ಜಾರಿತು. ನಮಗೆ ಕರೆಂಟಿಲ್ಲ, ಟವರ್ ಇಲ್ಲ. ಪಕ್ಕದ ಗುಡ್ಡದಾಚೆ ಯಾರು ಬದುಕಿದ್ದಾರೆ ಎನ್ನುವುದೇ ನಮಗೆ ತಿಳಿಯದು. ಅದೇ ಹೊತ್ತಿಗೆ ಹೊರಗಿನವರೆಲ್ಲ ಕೊಡಗನ್ನು ಟೀವಿಯಲ್ಲಿ ನೋಡುತ್ತಿದ್ದರು. ಇಳಿಜಾರಿನ ಮೇಲಿದ್ದ ಒಂದು ಮನೆ ಕ್ಷಣಮಾತ್ರದಲ್ಲಿ ಜಾರಿ ಕುಸಿಯುವ ದೃಶ್ಯ ನಿಮಗೆಲ್ಲ ನೆನಪಿರುತ್ತದೆ. ಅದನ್ನು ಹಿಂದೆ ಸಂಗೀತ ಹಾಕಿ ಬೆಳಗಿನಿಂದ ರಾತ್ರಿಯವರೆಗೆ ತಿರುಗಿಸಿ ತಿರುಗಿಸಿ ತೋರಿಸಿದರು. ಬೆಂಗಳೂರಿನಲ್ಲಿದ್ದ ನನ್ನ ಚಿಕ್ಕಮ್ಮನಿಗೆ ಅದು ಒಂದೇ ಮನೆ ಎಂಬುದೇ ತೋಚಲಿಲ್ಲ. ಪ್ರತಿ ಸಲ ನೋಡುವಾಗಲೂ ಅವರ ಪಾಲಿಗೆ ಇನ್ನೊಂದು ಮನೆ ಬೀಳುತ್ತಿತ್ತು. ಪರಿಹಾರ ಕೇಂದ್ರದಿಂದ ನಾನು ಫೋನ್ ಮಾಡಿ ‘ನಾವೆಲ್ಲ ಇದ್ದೇವೆ’ ಎಂದಾಗ ಅವರು ನಂಬಲಿಲ್ಲ. ‘ಟೀವಿಯಲ್ಲಿ ಈಗ ತಾನೇ ನೋಡಿದೆ’ ಎಂದು ಅಳುತ್ತಲೇ ಇದ್ದರು. ನನ್ನ ದನಿಗಿಂತ ಆ ಪೆಟ್ಟಿಗೆ ಅವರಿಗೆ ಹೆಚ್ಚು ನಿಜವಾಗಿತ್ತು.

ಆಮೇಲೆ ಭೂಕಂಪದ ಸುಳ್ಳು ಸಂದೇಶಗಳು ಬಂದವು. ಇಂಥ ದಿನ, ಇಷ್ಟು ಹೊತ್ತಿಗೆ ಎಂದು. ಹಗಲಿಡೀ ಕೆಸರು ಎತ್ತಿ ದಣಿದಿದ್ದ ಜನ ರಾತ್ರಿ ಮಕ್ಕಳನ್ನು ಎತ್ತಿಕೊಂಡು ಮನೆಯ ಹೊರಗೆ ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಲ್ಲರದ್ದೂ ಒಂದೇ ಮಾತು: ‘ನಮಗೆ ಒಳಗಿನವರಿಂದ ಬಂದ ಸುದ್ದಿ, ಬೇರೆಯವರಿಗೆ ಇನ್ನೂ ಗೊತ್ತಿಲ್ಲ.’ ಹಾರ್ಲನ್ ಮ್ಯಾಕ್ಸ್‌ಗೆ ಕೊಟ್ಟದ್ದೂ ಇದೇ ಸುಖವನ್ನಲ್ಲವೇ? ಆ ಸಂದೇಶ ಯಾರು ಬರೆದರು, ಯಾಕೆ ಬರೆದರು ಎಂದು ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ನಾಪೋಕ್ಲಿನ ಅಪ್ಪ

ಆ ರಾತ್ರಿ ನಾವೂ ಅಂಗಳದಲ್ಲೇ ಇದ್ದೆವು. ಸಣ್ಣವಳಿಗೆ ಆಗ ಜ್ವರ. ಚಿತ್ರದ ಬಗ್ಗೆ ನನ್ನ ಅಭಿಪ್ರಾಯ ಹಾಗೇ ಇದೆ, ಆದರೆ ನೀವು ಹೇಳುತ್ತಿರುವ ವಿಷಯ ಅರ್ಥವಾಯಿತು.

ಕಾಫಿಹೂ, ವಿರಾಜಪೇಟೆ

ಓದಿ ಕಣ್ಣು ತುಂಬಿತು. ಅದಾದ ಮೇಲೆ ಕೈಲ್‌ಪೊಳ್ದ್ ಹಬ್ಬಕ್ಕೆ ನೆಂಟರು ಯಾರೂ ಬರಲಿಲ್ಲ, ನಮ್ಮ ಕಡೆ ಏನೂ ಆಗಿರದಿದ್ದರೂ. ‘ಅಲ್ಲಿ ಏನೂ ಉಳಿದಿಲ್ಲವಂತೆ’ ಎಂದರು.

ಗೋಣಿಕೊಪ್ಪದ ಹುಡುಗ

ಜಪಾನಿನ ‘ರಿಂಗು’ ಎಂಬ 1998ರ ಚಿತ್ರವನ್ನೂ ಇದರ ಜೊತೆ ನೋಡಬೇಕು, ನಿರ್ದೇಶನ ಹಿಡಿಯೋ ನಕಾಟ. ಅದರಲ್ಲಿ ಒಂದು ಕ್ಯಾಸೆಟ್ ನೋಡಿದವರು ಏಳು ದಿನಕ್ಕೆ ಸಾಯುತ್ತಾರೆ. ಉಳಿಯಬೇಕಾದರೆ ಅದರ ಪ್ರತಿ ಮಾಡಿ ಇನ್ನೊಬ್ಬರಿಗೆ ತೋರಿಸಬೇಕು. ಭೂಕಂಪದ ಸಂದೇಶವನ್ನು ಮುಂದಕ್ಕೆ ಕಳುಹಿಸಿದವರೂ ತಮ್ಮವರು ಉಳಿಯಲಿ ಎಂದೇ ಕಳುಹಿಸಿರುತ್ತಾರೆ. ನನಗೆ ‘ವಿಡಿಯೋಡ್ರೋಮ್’ಗಿಂತ ಅದೇ ಹೆಚ್ಚು ಭಯ ಹುಟ್ಟಿಸಿತು.

ರಿಪೇರಿ ಅಂಗಡಿ, ಕುಶಾಲನಗರ

ಆಂಟೆನಾ ವಿಷಯ ಬಂದದ್ದರಿಂದ ಒಂದು ಸೇರಿಸುತ್ತೇನೆ. ಕ್ರೋನೆನ್‌ಬರ್ಗ್ ಹುಡುಗನಾಗಿದ್ದಾಗ ರಾತ್ರಿ ಕೆನಡಾದ ಕೇಂದ್ರಗಳು ಮುಚ್ಚಿದ ಮೇಲೆ ಗಡಿಯಾಚೆಯ ಬಫಲೋ ನಗರದ ಪ್ರಸಾರ ಅವರ ಮನೆಯ ಟೀವಿಗೆ ಅರೆಬರೆಯಾಗಿ ಸಿಗುತ್ತಿತ್ತಂತೆ. ನೋಡಬಾರದ್ದು ಏನಾದರೂ ಕಂಡುಬಿಟ್ಟರೆ ಎಂಬ ಭಯದಿಂದ ಈ ಕಥೆ ಹುಟ್ಟಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಪರದೆಯ ಮೇಲೆ ಬರೀ ಇರುವೆ ಓಡಾಡುತ್ತಿದ್ದು, ನಡುವೆ ಒಂದು ಮುಖ ಬಂದು ಮಾಯವಾಗುವುದನ್ನು ನಮ್ಮ ಕಾಲದ ಗಡಿಭಾಗದವರೆಲ್ಲ ಕಂಡಿದ್ದೇವೆ. ಯಾವ ಊರಿನದು, ಯಾವ ಭಾಷೆಯದು ಎಂದು ತಿಳಿಯುವಷ್ಟರಲ್ಲಿ ಹೋಗಿರುತ್ತಿತ್ತು. ಡಿಜಿಟಲ್ ಬಂದ ಮೇಲೆ ಅದಿಲ್ಲ. ಬಂದರೆ ಪೂರ್ತಿ ಬರುತ್ತದೆ, ಇಲ್ಲವಾದರೆ ಕಪ್ಪು. ಇಂದಿನ ಹುಡುಗರಿಗೆ ಚಿತ್ರದ ಮೊದಲ ಭಾಗ ನಿಧಾನ ಎನಿಸುವುದಕ್ಕೆ ಇದೂ ಒಂದು ಕಾರಣವಿರಬಹುದು.

ಸಂಗೀತವನ್ನೂ ಕಿವಿಗೊಟ್ಟು ಕೇಳಿ. ಹೊವರ್ಡ್ ಶೋರ್ ಅವರದು. ಸಿಂಕ್ಲೇವಿಯರ್ ಎಂಬ ಡಿಜಿಟಲ್ ವಾದ್ಯವನ್ನೂ ನಿಜವಾದ ತಂತಿವಾದ್ಯಗಳನ್ನೂ ಬೆರೆಸಿದ್ದಾರೆ. ಯಾವುದು ಯಾವುದು ಎಂದು ಬಿಡಿಸಲು ನನಗಂತೂ ಆಗಲಿಲ್ಲ. ಮ್ಯಾಕ್ಸ್‌ನಿಗೆ ಭ್ರಮೆ, ನಿಜ ಬೇರೆಯಾಗಿ ಕಾಣದಿರುವುದು ಹೀಗೆ ನಮ್ಮ ಕಿವಿಗೂ ಬರುತ್ತದೆ.

ಮೇಷ್ಟ್ರು, ಮಡಿಕೇರಿ

ಕೊನೆಯ ದೃಶ್ಯದ ಬಗ್ಗೆ ಯಾರೂ ಬರೆದಿಲ್ಲ. ಬಂದರಿನ ಪಾಳುಬಿದ್ದ ಹಡಗಿನಲ್ಲಿ ಟೀವಿ ಮೊದಲು ಮ್ಯಾಕ್ಸ್‌ನ ಸಾವನ್ನು ತೋರಿಸುತ್ತದೆ, ಆಮೇಲೆ ಅವನು ಅದನ್ನೇ ಅಕ್ಷರಶಃ ಮಾಡುತ್ತಾನೆ. ಅದನ್ನು ಬಿಡುಗಡೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಾನ್ವೆಕ್ಸ್ ಒಂದು ಟೇಪ್ ಹಾಕಿದ, ಬಿಯಾಂಕಾ ಇನ್ನೊಂದನ್ನು ಹಾಕಿದಳು. ಮ್ಯಾಕ್ಸ್ ತಾನಾಗಿ ಮಾಡಿದ್ದು ಕೊನೆಯವರೆಗೂ ಏನೂ ಇಲ್ಲ. ಮಾದಾಪುರದವರು ಹೇಗೆ ನೋಡುತ್ತೀರಿ?

ಮಾದಾಪುರದವ

ಮೇಷ್ಟ್ರೇ, ನಾನೂ ನಿಮ್ಮ ಕಡೆಯೇ. ಬಿಯಾಂಕಾಳನ್ನು ಒಳ್ಳೆಯವಳೆಂದು ನೋಡುವವರಿಗೆ ನನ್ನ ಪ್ರಶ್ನೆ ಒಂದೇ. ಅವಳು ಮ್ಯಾಕ್ಸ್‌ನ ಒಪ್ಪಿಗೆ ಕೇಳಿದ್ದು ಎಲ್ಲಿ? ಕಾನ್ವೆಕ್ಸ್‌ನ ಹಿಡಿತದಿಂದ ಬಿಡಿಸಿ ಅವನನ್ನು ತನ್ನ ಆಯುಧ ಮಾಡಿಕೊಂಡಳು. ಅವಳು ನಡೆಸುವ ಆಶ್ರಮದಲ್ಲಿ ಬೀದಿಯ ನಿರ್ಗತಿಕರನ್ನು ಒಂದೊಂದು ಗೂಡಿನಲ್ಲಿ ಕೂರಿಸಿ ಟೀವಿ ನೋಡಿಸುತ್ತಾರೆ. ಅದು ದಾನ ಎನ್ನುವುದನ್ನು ಚಿತ್ರ ಒಂದು ಕ್ಷಣವೂ ನಂಬಿಲ್ಲ ಎಂದು ನನಗನಿಸುತ್ತದೆ. ಆ ಗೂಡುಗಳ ದೃಶ್ಯವನ್ನು ಇನ್ನೊಮ್ಮೆ ನೋಡಬೇಕು, ಹಿಂದಿನ ಸಾಲಿನಲ್ಲಿ ಕುಳಿತವರ ಮುಖಗಳನ್ನು ವಿಶೇಷವಾಗಿ.

ಡಿಸ್ಕ್ ನನ್ನ ಬಳಿ ಇದೆ. ಮಳೆ ಸ್ವಲ್ಪ ಬಿಟ್ಟರೆ ಮುಂದಿನ ಶನಿವಾರ ಸಂಜೆ ನಮ್ಮ ಮನೆಯಲ್ಲೇ ಹಾಕುತ್ತೇನೆ. ಕರೆಂಟ್ ಹೋದರೂ ಯುಪಿಎಸ್ ಒಂದೂವರೆ ಗಂಟೆ ತಡೆಯುತ್ತದೆ, ಚಿತ್ರದ ಅವಧಿಯೂ ಹೆಚ್ಚುಕಡಿಮೆ ಅಷ್ಟೇ. ದೊಡ್ಡವರು ಮಾತ್ರ. ಬರುವವರು ಗುರುವಾರದೊಳಗೆ ಇಲ್ಲೇ ತಿಳಿಸಿ. ಕುಶಾಲನಗರದ ಅಣ್ಣ, ಸಾಧ್ಯವಾದರೆ ನಿಮ್ಮ ಅಂಗಡಿಯಲ್ಲಿರುವ ಹಳೆಯ ಪಿಕ್ಚರ್ ಟ್ಯೂಬ್ ಟೀವಿ ಒಂದನ್ನು ತನ್ನಿ, ಇದನ್ನು ಅದರಲ್ಲೇ ನೋಡೋಣ.

ರಿಪೇರಿ ಅಂಗಡಿ, ಕುಶಾಲನಗರ

21 ಇಂಚಿನದು ಒಂದಿದೆ, ಬಣ್ಣ ಇನ್ನೂ ಚೆನ್ನಾಗಿದೆ. ತರುತ್ತೇನೆ. ಎತ್ತಲು ಇಬ್ಬರು ಬೇಕು.